ನಗೆಚಿತ್ರದ ಪೋಸ್ಟರ್: ಒತ್ತಕ್ಷರ ಜೋಪಾನ

ಪುಣೆಯ ಹಡಪಸರದಲ್ಲಿ ಕೂತು ಕನ್ನಡ ಹಾಸ್ಯಚಿತ್ರಕ್ಕೆ ಪೋಸ್ಟರ್ ಮಾಡುವ ಗೆಳೆಯರೇ, ಎಲ್ಲ ನಟರನ್ನೂ ಅದರಲ್ಲಿ ತುರುಕಬೇಡಿ. ಪೆಚ್ಚುಮೋರೆಯ ಒಬ್ಬ ಸಾಕು. ಫೋಟೋಶಾಪಿನ ಲಿಕ್ವಿಫೈನಲ್ಲಿ ಹುಬ್ಬು ತುಸು ಏರಿಸಿ; ಗುರುತೇ ಸಿಗದಷ್ಟು ಎಳೆದರೆ ನಗು ಸತ್ತಿತು. ಹಿನ್ನೆಲೆಯನ್ನು ಅಳಿಸದೆ ಲೇಯರ್ ಮಾಸ್ಕ್‌ನಿಂದ ಮರೆಮಾಡಿ. ನಿರ್ದೇಶಕರ ಮನಸ್ಸು ಬದಲಾದೀತು (ಬದಲಾಗುತ್ತದೆ ಬಿಡಿ).

ನಿಜವಾದ ತೊಡಕು ಶೀರ್ಷಿಕೆಯದು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿದರೆ, ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಉಚಿತವಾಗಿ ಸಿಗುವ 'ಬಾಲೂ ತಮ್ಮ' ಫಾಂಟಿನ ದುಂಡುತನ ಹಾಸ್ಯಕ್ಕೆ ಒಪ್ಪುತ್ತದೆ. ಎ3 ಅಳತೆಗೆ 300 ಡಿಪಿಐ ಇರಲಿ. ಮುದ್ರಿಸುವವರಿಗೆ ಕನ್ನಡ ಬಾರದಿದ್ದರೆ ತಪ್ಪು ಅವರ ಕಣ್ಣಿಗೆ ಬೀಳದು. ಫಾಂಟ್ ಅಡಕವಾದ ಪಿಡಿಎಫ್ ಕೊಟ್ಟು, ಮೊದಲ ಪ್ರತಿಯನ್ನು ಅಲ್ಲೇ ನಿಂತು ನೀವೇ ಓದಿ.