ಕಾಲಿಗೆ ಎಟಕುವ ಬಸ್ಸು

ಬೆಂಗಳೂರಿನ ಮಲ್ಲೇಶ್ವರದ ಒಂದು ಬಸ್ ನಿಲ್ದಾಣ, ಬೆಳಗಿನ ಹತ್ತೂವರೆ. ಬಸ್ಸು ಬಂದು ಫುಟ್‌ಪಾತಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ರಸ್ತೆಗಿಳಿದು ಬಾಗಿಲ ಬಳಿ ಬಂದರು. ಕೈಚೀಲವನ್ನು ಮೆಟ್ಟಿಲ ಮೇಲಿಟ್ಟರು, ಕಂಬಿ ಹಿಡಿದರು, ಬಲಗಾಲು ಎತ್ತಿದರು. ಎಟಕಲಿಲ್ಲ. ಸೀರೆಯ ನೆರಿಗೆ ಒಟ್ಟುಗೂಡಿಸಿಕೊಂಡು ಮತ್ತೆ ಎತ್ತಿದರು. "ಕೈ ಕೊಡಿ ಅಜ್ಜಿ" ಎಂದು ಕಂಡಕ್ಟರ್ ಬಗ್ಗಿ ಮೇಲೆಳೆದುಕೊಂಡರು. ಸೀಟಿನಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಾ ಅಜ್ಜಿ ನನ್ನತ್ತ ತಿರುಗಿ ಹೇಳಿದರು: "ಮುಂದಿನ ಸಲದಿಂದ ಆಸ್ಪತ್ರೆಗೆ ಆಟೋನೇ ಗತಿಯೇನೋಪ್ಪ."

ನಗರ ಸಾರಿಗೆಯ ಬಗ್ಗೆ ಕಲಿಯಲು ಬಂದವರಿಗೆ ನಾನು ಮೊದಲು ಹೇಳುವುದು ಈ ಮೆಟ್ಟಿಲಿನ ವಿಷಯವನ್ನೇ. ಈ ಕ್ಷೇತ್ರದಲ್ಲಿ ಎರಡು ದೊಡ್ಡ ಮಾತುಗಳು ಸದಾ ಕೇಳಿಬರುತ್ತವೆ. ಒಂದು, ಸುಸ್ಥಿರ ಸಾರಿಗೆ. ಅಂದರೆ ಗಾಳಿಯನ್ನು ಕೆಡಿಸದೆ, ಮುಂದಿನವರ ಪಾಲನ್ನು ಇಂದೇ ಸುಡದೆ ಜನರನ್ನು ಸಾಗಿಸುವುದು. ಇನ್ನೊಂದು, ಎಲ್ಲರಿಗೂ ಎಟಕುವ ಸಾರಿಗೆ. ಮುದುಕರು, ಬಸುರಿಯರು, ಗಾಲಿಕುರ್ಚಿಯವರು, ಕಣ್ಣು ಕಾಣದವರು, ಕೈಯಲ್ಲಿ ಕಾಸು ಕಡಿಮೆ ಇರುವವರು ಯಾರೇ ಆದರೂ ಬಳಸಬಹುದಾದ ಸಾರಿಗೆ. ಹೊಸಬರು ಇವೆರಡನ್ನೂ ಬೇರೆ ಬೇರೆ ಪಾಠಗಳೆಂದು ತಿಳಿಯುತ್ತಾರೆ, ಒಂದು ಪರಿಸರದ್ದು, ಇನ್ನೊಂದು ಕರುಣೆಯದ್ದು ಎಂದು. ಎರಡೂ ಒಂದೇ ಪಾಠ. ಹೇಗೆಂದು ಲೆಕ್ಕ ಹಾಕಿಯೇ ನೋಡೋಣ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಗರದ ಬಸ್ಸು ಲೀಟರಿಗೆ 4 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಳ್ಳಿ. 10 ಕಿಲೋಮೀಟರಿಗೆ ಎರಡೂವರೆ ಲೀಟರ್, ಅಂದರೆ 6.75 ಕಿಲೋ ಹೊಗೆಯ ಭಾರ. ಬಸ್ಸಿನಲ್ಲಿ 50 ಜನರಿದ್ದರೆ ತಲೆಗೆ 135 ಗ್ರಾಂ. ಲೀಟರಿಗೆ 12 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಅಷ್ಟು ದೂರ ಹೋದರೆ ಸುಮಾರು 1.9 ಕಿಲೋ. ಆದರೆ ಅದೇ ಬಸ್ಸಿನಲ್ಲಿ ನಾಲ್ಕೇ ಜನರಿದ್ದರೆ? ತಲೆಗೆ ಸುಮಾರು 1.7 ಕಿಲೋ. ಕಾರಿಗೂ ಬಸ್ಸಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ.

ಅಂದರೆ ಬಸ್ಸನ್ನು ಶುಚಿಯಾಗಿಸುವುದು ಅದರಲ್ಲಿ ತುಂಬಿರುವ ಜನ. ಬಾಗಿಲಿಗೆ ಬಂದು ಹತ್ತಲಾಗದೆ ಹಿಂದಿರುಗಿದ ಪ್ರತಿಯೊಬ್ಬರೂ ಆಟೋ, ಸ್ಕೂಟರ್, ಕಾರು ಹುಡುಕುತ್ತಾರೆ. ಅದೂ ಆಗದವರು ಮನೆಯಲ್ಲೇ ಉಳಿಯುತ್ತಾರೆ, ಮತ್ತು ಅದು ಹೊಗೆಗಿಂತ ದೊಡ್ಡ ನಷ್ಟ. ಅಜ್ಜಿಯ ಕಾಲಿಗೆ ಎಟಕುವ ಬಸ್ಸೇ ಭೂಮಿಗೂ ಹಗುರಾದ ಬಸ್ಸು.

ಇನ್ನು ಮೆಟ್ಟಿಲಿಗೆ ಬರೋಣ. ನಮ್ಮ ದೇಶದ ನಗರ ಬಸ್ಸುಗಳಿಗೆ ಕೇಂದ್ರ ಸರ್ಕಾರ ರೂಪಿಸಿದ ಮಾನದಂಡದಲ್ಲಿ ನೆಲದ ಎತ್ತರ ಮೂರು ಬಗೆ: 900, 650 ಮತ್ತು 400 ಮಿಲಿಮೀಟರ್. 900 ಎಂದರೆ ಹತ್ತಿರ ಹತ್ತಿರ ಮೂರು ಅಡಿ. 400 ಎಂದರೆ ಹದಿನಾರು ಇಂಚು. ಹಳೆಯ ಬಸ್ಸುಗಳ ನೆಲ ಮೂರು ಅಡಿಗಿಂತಲೂ ಮೇಲಿತ್ತು, ಏಕೆಂದರೆ ಅವುಗಳ ಅಡಿಪಾಯ ಲಾರಿಯದು. ಎಂಜಿನ್ ಮುಂದೆ, ಚಾಲನೆ ಸಿಗುವುದು ಹಿಂದಿನ ಚಕ್ರಕ್ಕೆ, ನಡುವೆ ಉದ್ದಕ್ಕೂ ತಿರುಗುವ ಶಾಫ್ಟ್. ಆ ಶಾಫ್ಟಿನ ಮೇಲೆಯೇ ನೆಲ ಹಾಸಬೇಕು. ಎಂಜಿನ್ ಹಿಂದಕ್ಕೆ ಹೋದರೆ ಶಾಫ್ಟಿನ ಅಡ್ಡಿ ತಪ್ಪಿ ನೆಲ ಕೆಳಗಿಳಿಯುತ್ತದೆ. 2000ರ ದಶಕದ ನಡುವಿನಲ್ಲಿ ಬೆಂಗಳೂರಿಗೆ ಬಂದ ವೋಲ್ವೋ ಬಸ್ಸುಗಳಲ್ಲಿ ನಾವು ಕಂಡದ್ದು ಇದನ್ನೇ. ಆದರೆ ಅವು ಎಸಿ ಬಸ್ಸುಗಳು, ಟಿಕೆಟ್ ದರವೂ ಹೆಚ್ಚು. ನೆಲ ತಗ್ಗಾದರೂ ದರ ಎಟಕದವರಿಗೆ ಬಾಗಿಲು ಎತ್ತರದಲ್ಲೇ ಉಳಿಯಿತು. ವಿದ್ಯುತ್ ಬಸ್ಸು ಬಂದ ಮೇಲೆ ಎಸಿಯಿಲ್ಲದ, ಸಾಮಾನ್ಯ ದರದ, 12 ಮೀಟರ್ ಉದ್ದದ ತಗ್ಗು ನೆಲದ ಬಸ್ಸುಗಳು ಬೆಂಗಳೂರಿನ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಯಲ್ಲಿ ಓಡತೊಡಗಿವೆ. ಇದು ನಿಜಕ್ಕೂ ಸಂತೋಷಪಡಬೇಕಾದ ಬದಲಾವಣೆ.

ಬಸ್ಸು ತಗ್ಗಾದರೆ ಕೆಲಸ ಮುಗಿಯಿತೇ? ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನಿಂದ ನೋಡಿ. ನೆಲ 40 ಸೆಂಟಿಮೀಟರ್. ನಿಲ್ದಾಣದಲ್ಲಿ ನಿಂತಾಗ ಬಸ್ಸು ಗಾಳಿ ಬಿಟ್ಟು ಬಾಗಿಲ ಕಡೆಗೆ ಆರೇಳು ಸೆಂಟಿಮೀಟರ್ ವಾಲುತ್ತದೆ, ಆನೆ ಮಾವುತನಿಗೆ ಕಾಲು ಮಡಚಿ ಕೊಟ್ಟ ಹಾಗೆ. ಉಳಿದದ್ದು 33. ಫುಟ್‌ಪಾತಿನ ಎತ್ತರ 15 ಸೆಂಟಿಮೀಟರ್ ಮೀರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಹೇಳುತ್ತದೆ. ಬಸ್ಸು 15ರ ಫುಟ್‌ಪಾತಿಗೆ ಒತ್ತಿ ನಿಂತರೆ ಏರಬೇಕಾದ್ದು 18 ಮಾತ್ರ. ಬಾಗಿಲಲ್ಲಿ ಮಡಚಿಟ್ಟ ಹಲಗೆಯನ್ನು ಕಂಡಕ್ಟರ್ ಬಿಡಿಸಿ ಹಾಸುತ್ತಾರೆ. ಅದರ ಉದ್ದ ಒಂದು ಮೀಟರ್ ಎಂದುಕೊಂಡರೂ, ಹಿಂದಿನಿಂದ ಒಬ್ಬರು ತಳ್ಳಿದರೆ ಕುರ್ಚಿ ಏರುತ್ತದೆ. ಬಸ್ಸು ರಸ್ತೆ ನಡುವೆ ನಿಂತರೆ ಅದೇ ಹಲಗೆ 33 ಸೆಂಟಿಮೀಟರ್ ಏರಬೇಕು. ಕಟ್ಟಡಗಳ ಇಳಿಜಾರು ಮೀಟರಿಗೆ ಸುಮಾರು 8 ಸೆಂಟಿಮೀಟರ್ ದಾಟಬಾರದೆಂಬ ನಿಯಮದ ಪಕ್ಕದಲ್ಲಿಟ್ಟು ನೋಡಿದರೆ, ಇದು ಗೋಡೆ ಹತ್ತಿದ ಹಾಗೆ. ಕೋಟಿ ರೂಪಾಯಿಯ ಬಸ್ಸು ಸಾರ್ಥಕವಾಗುವುದು ಚಾಲಕರು ಫುಟ್‌ಪಾತಿಗೆ ಎಷ್ಟು ಹತ್ತಿರ ತಂದು ನಿಲ್ಲಿಸುತ್ತಾರೆ ಎಂಬುದರಿಂದ. ಅವರು ಹಾಗೆ ನಿಲ್ಲಿಸಬೇಕಾದರೆ ನಿಲ್ದಾಣದ ಮುಂದೆ ಬೈಕು, ತಳ್ಳುಗಾಡಿ ಇರಬಾರದು. ಒಂದರ ಕೊಂಡಿ ಇನ್ನೊಂದಕ್ಕೆ.

ಹುಬ್ಬಳ್ಳಿ-ಧಾರವಾಡದವರು ಈ ತೊಡಕನ್ನು ಬೇರೆ ರೀತಿ ಬಿಡಿಸಿದರು. 2018ರಲ್ಲಿ ಓಡಾಟ ಆರಂಭಿಸಿದ ಅಲ್ಲಿನ 'ಚಿಗರಿ' ಬಸ್ಸುಗಳಿಗೆ ರಸ್ತೆಯ ನಡುವೆ ಪ್ರತ್ಯೇಕ ಪಥವಿದೆ, ರೈಲಿನಂತೆ ಕಟ್ಟೆಯಿರುವ ನಿಲ್ದಾಣಗಳಿವೆ. ಬಸ್ಸನ್ನು ತಗ್ಗಿಸುವ ಬದಲು ನಿಲ್ದಾಣದ ನೆಲವನ್ನೇ ಬಸ್ಸಿನ ಮಟ್ಟಕ್ಕೆ ಎತ್ತಿದ್ದಾರೆ. ಟಿಕೆಟ್ ಮೊದಲೇ ತೆಗೆದುಕೊಂಡು, ಹೊಸ್ತಿಲು ದಾಟಿದಂತೆ ಒಳಗೆ ಹೋಗಬಹುದು. ದಾರಿ ಎರಡಾದರೂ ತತ್ವ ಒಂದೇ: ಎರಡು ನೆಲಗಳು ಕೂಡಬೇಕು.

ಕಣ್ಣು ಕಾಣದವರಿಗೆ ಬೇಕಾದದ್ದು ಬೇರೆ. ನಮ್ಮ ಮೆಟ್ರೋ ನಿಲ್ದಾಣಗಳ ನೆಲದಲ್ಲಿ ಹಳದಿ ಪಟ್ಟಿ ನೋಡಿದ್ದೀರಿ. ಹೆಚ್ಚಿನವರು ಅದನ್ನು ಅಲಂಕಾರವೆಂದುಕೊಂಡು ದಾಟುತ್ತಾರೆ. ಮುಂದಿನ ಸಲ ತೆಳುವಾದ ಚಪ್ಪಲಿ ಹಾಕಿಕೊಂಡು ಅದರ ಮೇಲೆ ನಿಧಾನವಾಗಿ ನಡೆಯಿರಿ. ಉದ್ದುದ್ದ ಗೀರುಗಳಿದ್ದರೆ 'ನಡೆ' ಎಂದು, ಗುಂಡು ಉಬ್ಬುಗಳಿದ್ದರೆ 'ನಿಲ್ಲು, ಎಚ್ಚರ' ಎಂದು. ಪಾದಕ್ಕಾಗಿ ಬರೆದ ಲಿಪಿ ಅದು. ಜಪಾನಿನ ಸೆಯಿಚಿ ಮಿಯಾಕೆ ಇದನ್ನು ರೂಪಿಸಿದರು, 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲು ಹಾಸಲಾಯಿತು. ಅದರ ಮೇಲೆ ಪೆಟ್ಟಿಗೆ ಇಡುವುದು, ಗುಂಪಾಗಿ ನಿಲ್ಲುವುದು ಎಂದರೆ ಒಬ್ಬರ ದಾರಿಯನ್ನೇ ಅಳಿಸಿದ ಹಾಗೆ.

ಇವೆಲ್ಲ ಯಾರೋ ಮಾಡುವ ಉಪಕಾರವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 41ನೇ ಕಲಮು ಸಾರಿಗೆಯನ್ನು ಅಂಗವಿಕಲರಿಗೆ ಸುಗಮಗೊಳಿಸುವ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ. ದರವೂ ಒಂದು ಮೆಟ್ಟಿಲೇ ಎಂಬುದನ್ನು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ತೋರಿಸಿತು. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಉಚಿತವಾದಾಗ, ಮನೆಯಲ್ಲಿ ಕಾಸು ಕೇಳದೆ ಹೊರಡುವ ಸ್ವಾತಂತ್ರ್ಯ ಎಷ್ಟೋ ಜನರಿಗೆ ಮೊದಲ ಬಾರಿ ಸಿಕ್ಕಿತು. ಬಸ್ಸುಗಳು ತುಂಬಿದವು. ತುಂಬಿದ ಬಸ್ಸಿಗೆ ಇನ್ನೊಂದು ಬಸ್ಸು ಜೊತೆಯಾಗಬೇಕಾದ್ದು ಮುಂದಿನ ಹೆಜ್ಜೆ, ಇಲ್ಲದಿದ್ದರೆ ಆ ನೂಕುನುಗ್ಗಲಲ್ಲಿ ಅಜ್ಜಿ ಮತ್ತೆ ಕೆಳಗೇ ಉಳಿಯುತ್ತಾರೆ.

ಈಗ ವಿದ್ಯುತ್ ಬಸ್ಸಿನ ಬಗ್ಗೆ ಎರಡು ಮಾತು. ಡಿಪೊದಲ್ಲಿ ಚಾರ್ಜ್ ಆಗಿ ಓಡುತ್ತದೆ. ಬ್ರೇಕ್ ಹಾಕಿದಾಗ ಮೋಟಾರೇ ಡೈನಮೋದಂತೆ ತಿರುಗಿ ಒಂದಷ್ಟು ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಹೆಜ್ಜೆಹೆಜ್ಜೆಗೂ ನಿಲ್ಲುವ ನಗರದ ಬಸ್ಸಿಗೆ ಇದು ಹೇಳಿಮಾಡಿಸಿದ ಗುಣ. ನಿಲ್ದಾಣದಲ್ಲಿ ಕಾಯುವವರ ಮುಖಕ್ಕೆ ಹೊಗೆ ಹೊಡೆಯುವುದಿಲ್ಲ. ಆದರೆ ಆ ಕರೆಂಟು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ನಿಮಗಿರಲಿ. ರಾಯಚೂರಿನ ಕಲ್ಲಿದ್ದಲು ಸ್ಥಾವರದಿಂದ ಬಂದರೆ ಹೊಗೆ ಊರು ಬದಲಿಸಿದೆ, ಅಷ್ಟೆ. ಶರಾವತಿಯ ನೀರಿನಿಂದಲೋ ಪಾವಗಡದ ಬಿಸಿಲಿನಿಂದಲೋ ಬಂದರೆ ಲಾಭ ಪೂರ್ತಿ. ಮತ್ತೆ, ಸದ್ದಿಲ್ಲದೆ ಬರುವ ಬಸ್ಸು ಕಿವಿಯನ್ನೇ ನಂಬಿ ರಸ್ತೆ ದಾಟುವವರಿಗೆ ಅಪಾಯ. ಹಾಗಾಗಿ ಬಸ್ಸು ಬಾಯಿಬಿಟ್ಟು ತನ್ನ ನಂಬರು, ಹೋಗುವ ಊರು ಹೇಳಬೇಕು. ಆ ದನಿ ಅಕ್ಷರ ಬಾರದವರಿಗೂ ಆಸರೆ, ಊರಿಗೆ ಹೊಸಬರಾದವರಿಗೂ ಆಸರೆ.

ಇಷ್ಟು ಓದಿದ ಮೇಲೆ ಒಂದು ಅಭ್ಯಾಸ. ದರ್ಜಿಯ ಟೇಪು ಒಂದನ್ನು ಜೇಬಿನಲ್ಲಿಟ್ಟುಕೊಂಡು ನಿಮ್ಮ ನಿಲ್ದಾಣಕ್ಕೆ ಹೋಗಿ. ಮೂರು ಅಳತೆ ತೆಗೆದುಕೊಳ್ಳಿ: ಫುಟ್‌ಪಾತಿನ ಎತ್ತರ, ರಸ್ತೆಯಿಂದ ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ, ಫುಟ್‌ಪಾತಿನ ಅಂಚಿಗೂ ನಿಂತ ಬಸ್ಸಿಗೂ ನಡುವಿನ ದೂರ. ಬಸ್ಸಿನ ಅಳತೆಯನ್ನು ಡಿಪೊದಲ್ಲೋ ಕೊನೆಯ ನಿಲ್ದಾಣದಲ್ಲೋ ಚಾಲಕರನ್ನು ಕೇಳಿ, ನಿಂತ ಬಸ್ಸಿನಲ್ಲಿ ತೆಗೆಯಿರಿ. ಹತ್ತು ಬಸ್ಸು ಎಲ್ಲೆಲ್ಲಿ ನಿಂತವು ಎಂಬುದನ್ನು ಫುಟ್‌ಪಾತಿನಿಂದಲೇ ಅಂದಾಜು ಮಾಡಿ ಬರೆದುಕೊಳ್ಳಿ. ಆಮೇಲೆ ಆ ಹಾಳೆಯನ್ನು ವಾರ್ಡ್ ಕಚೇರಿಗೂ ಡಿಪೊಗೂ ಕೊಡಿ. 'ಬಸ್ಸು ಸರಿಯಿಲ್ಲ' ಎಂಬ ದೂರು ಗಾಳಿಗೆ ಹೋಗುತ್ತದೆ. 'ಈ ನಿಲ್ದಾಣದಲ್ಲಿ ಮೆಟ್ಟಿಲು ಹದಿನೇಳು ಇಂಚು' ಎಂಬ ಮಾತಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಆ ಅಳತೆಗಳನ್ನು ಬರೆದುಕೊಂಡ ದಿನದಿಂದ ನೀವು ಈ ವಿಷಯಕ್ಕೆ ಹೊಸಬರಲ್ಲ.