ಮಳೆಮೋಡದ ಕೆಳಗೆ ವಿಮಾನಗಳ ಆಟ



ಎಂಥ ಮಳೆ ಬಂದರೂ ನಮ್ಮ ಮಳವಳ್ಳಿಯಿಂದ ಮೈಸೂರಿಗೆ ಸರ್ಕಾರಿ ಬಸ್ಸು ಹೋಗುತ್ತದೆ. ವೈಪರ್ ಕೆಟ್ಟಿದ್ದರೂ ಡ್ರೈವರಣ್ಣ ಗಾಜನ್ನು ಬಟ್ಟೆಯಲ್ಲಿ ಒರೆಸಿಕೊಂಡು ಓಡಿಸುತ್ತಾನೆ. ಹಾಗಿದ್ದ ಮೇಲೆ ಕೋಟಿಗಟ್ಟಲೆ ರೂಪಾಯಿಯ ಸೈನ್ಯದ ವಿಮಾನ ಒಂದು ಮೋಡಕ್ಕೆ ಯಾಕೆ ಅಂಜಬೇಕು? ಈ ಪ್ರಶ್ನೆ ನನಗೆ ಬಂದದ್ದು 2025ರ ಮೈಸೂರು ದಸರಾದಲ್ಲಿ. ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ಭಾರತೀಯ ವಾಯುಪಡೆಯ ‘ಸೂರ್ಯಕಿರಣ’ ತಂಡದ ವಿಮಾನ ಪ್ರದರ್ಶನ ಇತ್ತು. ಮೈಸೂರಿನ ನಮ್ಮ ಮಾವ ಪಾಸು ತಂದಿದ್ದರು. 2023ರ ದಸರಾದಲ್ಲೂ ಇದೇ ತಂಡ ಇದೇ ಜಾಗದಲ್ಲಿ ಹಾರಿತ್ತು. ಆಗ ನಾನು ಚಿಕ್ಕವನು ಅಂತ ಕರೆದುಕೊಂಡು ಹೋಗಿರಲಿಲ್ಲ.

ಹೊರಟ ದಿನ ಬೆಳಗ್ಗೆಯಿಂದಲೇ ಮೋಡ. ಉತ್ತರೆ ಮುಗಿದು ಹಸ್ತೆ ಮಳೆ ಹಿಡಿಯೋ ಕಾಲ ಅದು. ನಾನು ಬಾಗಿಲಲ್ಲಿ ನಿಂತು ಬಿಸಿಲು ಬರಲಿ ಅಂತ ದೇವರಿಗೆ ಕೈ ಮುಗಿದರೆ, ಅಪ್ಪ ನನ್ನ ಹಿಂದೆ ನಿಂತು, “ಮಳೆ ಹುಯ್ಯಲಿ ಬುಡು ಮಗಾ. ರಾಗಿ ಪೈರು ಬಾಡ್ತಾ ಅದೆ. ಇಮಾನ ಇವತ್ತಲ್ದಿದ್ರೆ ಇನ್ನೊಂದು ವರ್ಸ ಹಾರ್ತದೆ” ಅಂದರು. ಒಂದೇ ಮನೆಯಿಂದ ಎರಡು ಥರದ ಬೇಡಿಕೆ! ನಮ್ಮ ಹೊಲಕ್ಕೆ ನಾಲೆಯ ನೀರಿಲ್ಲ, ಮಳೆಯೇ ಗತಿ. ಆ ಮೋಡ ಕರಗಿದರೆ ಅಪ್ಪನಿಗೆ ನಷ್ಟ, ಸುರಿದರೆ ನನಗೆ ನಷ್ಟ. ಕಿರುಗಾವಲು ದಾಟಿ ಬನ್ನೂರು ಸಿಗುವ ಹೊತ್ತಿಗೆ ತುಂತುರು ಶುರುವಾಯಿತು. ಬಸ್ಸಿನ ಕಿಟಕಿಯ ಶಟರ್ ಇಳಿಸಿಕೊಂಡು ನಾನು ಮೈಸೂರಿನ ತನಕ ಮಾತೇ ಆಡಲಿಲ್ಲ.

ಈಗ ತಂಡದ ವಿಷಯ ಸ್ವಲ್ಪ ಹೇಳುತ್ತೇನೆ. ಸೂರ್ಯಕಿರಣ ಹುಟ್ಟಿದ್ದು 1996ರಲ್ಲಿ. ಇದು ನಮ್ಮ ಕರ್ನಾಟಕದ ಬೀದರಿನ ವಾಯುನೆಲೆಯ ತಂಡ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮೊದಲು ಅವರು ಹಾರಿಸುತ್ತಿದ್ದದ್ದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯೇ ರೂಪಿಸಿದ ‘ಕಿರಣ್’ ಎಂಬ ತರಬೇತಿ ವಿಮಾನ.  ಈಗ ‘ಹಾಕ್’ ವಿಮಾನ ಹಾರಿಸುತ್ತಾರೆ. ಹಾಕ್ ಎಂದರೆ ಗಿಡುಗ. ಬಣ್ಣ ಕೆಂಪು ಮತ್ತು ಬಿಳಿ. ಒಟ್ಟು ಒಂಬತ್ತು ವಿಮಾನ ಒಟ್ಟಿಗೆ ಹಾರುತ್ತವೆ, ಅಕ್ಕಪಕ್ಕದ ರೆಕ್ಕೆಗಳ ನಡುವೆ ಕೆಲವು ಸಲ ಐದು ಮೀಟರಿಗಿಂತ ಕಡಿಮೆ ಜಾಗ ಇರುತ್ತದೆ. ಐದು ಮೀಟರ್ ಎಂದರೆ ನಮ್ಮ ತರಗತಿಯ ಕೋಣೆಯಷ್ಟೂ ಇಲ್ಲ.

ವೇಗ ಗಂಟೆಗೆ 600 ಕಿಲೋಮೀಟರ್ ಎಂದು ಹಿಡಿಯೋಣ. ಮಳವಳ್ಳಿಯಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಲೆಕ್ಕ ಹಾಕಿ ನೋಡಿ, ನಾಲ್ಕೂವರೆ ನಿಮಿಷ! ಒಂದು ಸೆಕೆಂಡಿಗೆ 166 ಮೀಟರ್. ಅಂದರೆ ಪೈಲಟ್ ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ವಿಮಾನ ನಮ್ಮ ಶಾಲೆಯ ಮೈದಾನ ದಾಟಿಬಿಟ್ಟಿರುತ್ತದೆ.

ಮೋಡದ ಭಯ ಏನು ಅಂತ ಗೊತ್ತಾಗುವುದು ಇಲ್ಲೇ. ಸಾಲಿನಲ್ಲಿ ಹಾರುವ ಪೈಲಟ್ ನೆಲವನ್ನೂ ನೋಡುವುದಿಲ್ಲ, ಜನರನ್ನೂ ನೋಡುವುದಿಲ್ಲ. ಅವನ ಕಣ್ಣು ಪೂರ್ತಿ ಮುಂದಿನ ನಾಯಕನ ವಿಮಾನದ ಮೇಲೇ ಇರುತ್ತದೆ. ಅದು ಎಡಕ್ಕೆ ವಾಲಿದರೆ ಇವನೂ ವಾಲಬೇಕು, ಮೇಲೆದ್ದರೆ ಇವನೂ ಏಳಬೇಕು. ಉಳುವಾಗ ಹಿಂದಿನ ಜೋಡಿ ಮುಂದಿನ ಜೋಡಿಯ ಸಾಲು ಹಿಡಿದು ಹೋಗುವ ಹಾಗೆ. ದಟ್ಟ ಮೋಡದೊಳಗೆ ಹೊಕ್ಕರೆ ನಾಯಕನೇ ಕಾಣದೆ ಹೋಗಬಹುದು. ಐದು ಮೀಟರ್ ಅಂತರದಲ್ಲಿ, ಆ ವೇಗದಲ್ಲಿ, ಒಂದು ಕ್ಷಣ ಕಾಣದಿದ್ದರೆ ಏನಾದೀತು ಎಂದು ನೀವೇ ಯೋಚಿಸಿ.

ಮೋಡ ಇಲ್ಲದ ದಿನವೂ ಅಪಾಯ ತಪ್ಪಿದ್ದಲ್ಲ. 2019ರ ಫೆಬ್ರವರಿ 19ರಂದು ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನದ ಹಿಂದಿನ ದಿನ ತಾಲೀಮು ನಡೆಯುತ್ತಿದ್ದಾಗ ಈ ತಂಡದ ಎರಡು ಹಾಕ್ ವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ತಗುಲಿದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಇನ್ನಿಬ್ಬರು ಪೈಲಟ್‌ಗಳು ಹೊರಕ್ಕೆ ಹಾರಿ ಬದುಕಿದರು. ಅದು ಮಳೆಗಾಲವೇ ಅಲ್ಲ. ಮಾವ ಈ ಸುದ್ದಿಯನ್ನು ಬನ್ನಿಮಂಟಪದಲ್ಲಿ ಕಾಯುತ್ತಾ ಕೂತಾಗ ಹೇಳಿದರು. ಆಮೇಲೆ ನನಗೆ ‘ಮೋಡ ಇದ್ದರೂ ಹಾರಲಿ’ ಅಂತ ಕೇಳಿಕೊಳ್ಳಲು ಮನಸ್ಸಾಗಲಿಲ್ಲ.

ಮಳೆಹನಿಯ ಕಾಟ ಬೇರೆ. ಮಳೆಯಲ್ಲಿ ಮೊಪೆಡ್ಡಿನಲ್ಲಿ ಹೋಗಿದ್ದೀರಾ? ಹನಿ ಮುಖಕ್ಕೆ ಸಣ್ಣ ಕಲ್ಲು ಎಸೆದ ಹಾಗೆ ಹೊಡೆಯುತ್ತದೆ. ಮೊಪೆಡ್ಡಿನ ವೇಗ 40 ಎಂದರೆ ವಿಮಾನದ್ದು ಅದರ 15 ಪಟ್ಟು. ಮುಂದಿನ ಗಾಜು ಮಬ್ಬಾದರೆ ನಾಯಕನ ರೆಕ್ಕೆ ಅಲುಗಾಡಿದಂತೆ ಕಾಣುತ್ತದೆ. ಇನ್ನೊಂದು ಮಾತು, ಬನ್ನಿಮಂಟಪದಲ್ಲಿ ರನ್‌ವೇ ಇಲ್ಲ. ವಿಮಾನ ಬೇರೆ ವಾಯುನೆಲೆಯಿಂದ ಎದ್ದು ಬಂದು ಅಲ್ಲಿಗೇ ವಾಪಸ್ ಹೋಗಬೇಕು. ಆದ್ದರಿಂದ ಮೈಸೂರಿನ ಆಕಾಶ ತಿಳಿಯಾಗಿದ್ದರೆ ಸಾಲದು, ಅಲ್ಲಿಯೂ ದಾರಿಯಲ್ಲಿಯೂ ತಿಳಿಯಾಗಿರಬೇಕು.

ಅದಕ್ಕೇ ಇಂಥ ತಂಡಗಳು ಒಂದೇ ಆಟ ಕಲಿತಿರುವುದಿಲ್ಲ. ಮೋಡ ತುಂಬ ಎತ್ತರದಲ್ಲಿದ್ದರೆ ಪೂರ್ತಿ ಆಟ. ವಿಮಾನ ನೆಟ್ಟಗೆ ಮೇಲೇರಿ, ತಲೆಕೆಳಗಾಗಿ, ಗಾಡಿ ಚಕ್ರದ ಹಾಗೆ ಸುತ್ತು ಹೊಡೆದು ಇಳಿಯುತ್ತದೆ. ಇದಕ್ಕೆ ಮೋಡ ನೆಲದಿಂದ ನಾಲ್ಕೈದು ಸಾವಿರ ಅಡಿಗಿಂತ ಮೇಲಿರಬೇಕು. ಮೋಡ ಅದಕ್ಕಿಂತ ಕೆಳಗಿದ್ದರೆ ದೊಡ್ಡ ಸುತ್ತು ಬಿಟ್ಟು, ಮಗ್ಗುಲಾಗಿ ಉರುಳುವ ಆಟ ಮಾತ್ರ. ಇನ್ನೂ ಕೆಳಗಿದ್ದರೆ ಸಾಲುಸಾಲಾಗಿ ಅಡ್ಡಡ್ಡ ಹಾರಿ ಹೋಗುವುದಷ್ಟೇ. ಬರೀ ಅಡ್ಡ ಹಾರಿದರೆ ಜನ ‘ಅಷ್ಟೇನಾ?’ ಅಂದುಬಿಡುತ್ತಾರೆ. ನನ್ನ ಪಕ್ಕದವರೊಬ್ಬರು ವಿಮಾನ ಬರುವ ಮೊದಲೇ ಹಾಗೆ ಅಂದರು!

ಆವತ್ತು ತುಂತುರು ನಿಂತಿತ್ತು, ಬೂದು ಮೋಡ ಹಾಗೇ ಇತ್ತು. ಕುರ್ಚಿಗಳು ಒದ್ದೆ. ಧ್ವನಿವರ್ಧಕದಲ್ಲಿ ಏನೋ ಹೇಳುತ್ತಿದ್ದರು, ಗಲಾಟೆಯಲ್ಲಿ ಅರ್ಧ ಕೇಳಿಸಲಿಲ್ಲ. ಇದ್ದಕ್ಕಿದ್ದಂತೆ ‘ಗುಡು ಗುಡು’ ಸದ್ದು. ಎಲ್ಲರೂ ಸದ್ದು ಬಂದ ಕಡೆ ಕತ್ತೆತ್ತಿದೆವು. ಅಲ್ಲಿ ಏನೂ ಇಲ್ಲ! ವಿಮಾನಗಳು ಆಗಲೇ ಬಹಳ ಮುಂದೆ ಹೋಗಿದ್ದವು. ಇದರ ಕಾರಣವನ್ನು ಆಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ದೂರದ ವಿಮಾನದ ಸದ್ದು ನಮ್ಮ ಕಿವಿಗೆ ಬೀಳಲು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಅರ್ಧ ಕಿಲೋಮೀಟರ್ ಮುಂದೆ! ಆದ್ದರಿಂದ ಇನ್ನು ಮುಂದೆ ಯಾರಾದರೂ ನೋಡಲು ಹೋದರೆ ಸದ್ದಿನ ಕಡೆ ನೋಡಬೇಡಿ, ಅದಕ್ಕಿಂತ ಮುಂದೆ ನೋಡಿ.

ಹೊಗೆಯ ಗುಟ್ಟನ್ನೂ ಹೇಳಬೇಕು. ಅದು ಎಂಜಿನ್ ಸುಟ್ಟ ಹೊಗೆ ಅಲ್ಲ. ಹಿಂದಿನಿಂದ ಬರುವ ಕಾದ ಗಾಳಿಗೆ ಡೀಸೆಲ್ ಎಣ್ಣೆ ಬಿಡುತ್ತಾರೆ, ಅದು ಆವಿಯಾಗಿ ತಣ್ಣಗಾಗಿ ಬಿಳಿಯಾಗುತ್ತದೆ. ಕಾದ ಕಾವಲಿಗೆ ಅಮ್ಮ ಎಣ್ಣೆ ಸವರಿದಾಗ ಏಳುತ್ತದಲ್ಲ, ಹಾಗೆ. ಬಣ್ಣ ಬೇಕೆಂದರೆ ಎಣ್ಣೆಗೆ ಬಣ್ಣ ಬೆರೆಸುತ್ತಾರೆ. ನೀಲಿ ಆಕಾಶದಲ್ಲಿ ಬಿಳಿ ಗೆರೆ ಸುಣ್ಣದಲ್ಲಿ ಬರೆದಂತೆ ಕಾಣುತ್ತದೆಯಂತೆ. ನಮಗೆ ಬೂದು ಮೋಡದ ಮುಂದೆ ಬಿಳಿ ಹೊಗೆ ಸರಿಯಾಗಿ ಕಾಣಲಿಲ್ಲ, ಬಣ್ಣದ ಹೊಗೆ ಮಾತ್ರ ಚೆನ್ನಾಗಿ ಕಂಡಿತು. ಆದರೂ ಎರಡು ವಿಮಾನ ಎದುರುಬದುರಾಗಿ ಬಂದು ಒಂದರ ಪಕ್ಕ ಒಂದು ನುಗ್ಗಿ ಹೋದಾಗ ಮಾವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ‘ಅಷ್ಟೇನಾ’ ಅಂದವರೂ ಎದ್ದು ನಿಂತಿದ್ದರು.

ದಸರಾ ಮಳೆಗಾಲದ ಕೊನೆಗೇ ಬರುವುದರಿಂದ ಈ ಮೋಡದ ತಾಪತ್ರಯ ತಪ್ಪಿದ್ದಲ್ಲ. ಯಲಹಂಕದ ಏರೋ ಇಂಡಿಯಾವನ್ನು ಈಗೆಲ್ಲ ಫೆಬ್ರವರಿಯಲ್ಲಿ ಮಾಡುತ್ತಾರೆ, ಆಗ ನಮ್ಮ ಕಡೆ ಮಳೆ ಅಪರೂಪ.

ಮೋಡ ಎಷ್ಟು ಎತ್ತರದಲ್ಲಿದೆ ಎಂದು ಹೇಗೆ ತಿಳಿಯುವುದು? ವಿಮಾನ ನಿಲ್ದಾಣಗಳಲ್ಲಿ ಬೆಳಕಿನ ಕಿರಣವನ್ನು ಮೇಲಕ್ಕೆ ಬಿಟ್ಟು, ಅದು ಮೋಡಕ್ಕೆ ತಾಗಿ ಮರಳುವ ಹೊತ್ತು ಅಳೆಯುವ ಯಂತ್ರ ಇರುತ್ತದೆ. ನಮ್ಮಲ್ಲಿ ಅದಿಲ್ಲ, ಆದರೆ ಮೇಷ್ಟ್ರು ಬೇರೆ ಉಪಾಯ ಹೇಳಿಕೊಟ್ಟರು. ಒಂದು ಸ್ಟೀಲ್ ಲೋಟದಲ್ಲಿ ಅರ್ಧ ನೀರು ಹಾಕಿ, ಉಷ್ಣಮಾಪಕ ಇಟ್ಟು, ಐಸಿನ ಚೂರುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕುತ್ತಾ ಹೋಗಬೇಕು. ಲೋಟದ ಹೊರಮೈ ಮಂಜಾದ ಕೂಡಲೇ ಉಷ್ಣತೆ ಬರೆದುಕೊಳ್ಳಬೇಕು. ಅದು ಇಬ್ಬನಿ ಕಟ್ಟುವ ಉಷ್ಣತೆ. ಹೊರಗಿನ ಗಾಳಿಯ ಉಷ್ಣತೆಯಿಂದ ಅದನ್ನು ಕಳೆದು, ಉಳಿದದ್ದನ್ನು 125ರಿಂದ ಗುಣಿಸಿದರೆ ಮೋಡದ ತಳ ಸುಮಾರು ಎಷ್ಟು ಮೀಟರ್ ಎತ್ತರ ಎಂದು ಬರುತ್ತದೆ. ಹಗಲು ಹೊತ್ತು ನೆಲ ಕಾದು ಏಳುವ ಹತ್ತಿಯಂಥ ಮೋಡಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಎಲ್ಲ ಮೋಡಕ್ಕೂ ಅಲ್ಲ.

ದಸರಾ ರಜೆ ಮುಗಿದ ಮೇಲೆ ನಾವು ನಾಲ್ಕು ಜನ ಶಾಲೆಯ ಜಗಲಿಯಲ್ಲಿ ಇದನ್ನು ಮಾಡಿದೆವು. ಐಸನ್ನು ಜ್ಯೂಸ್ ಅಂಗಡಿಯಿಂದ ತಂದದ್ದು, ಅರ್ಧ ದಾರಿಯಲ್ಲೇ ಕರಗಿತು. ಗಾಳಿ 27 ಡಿಗ್ರಿ, ಲೋಟ ಮಂಜಾದದ್ದು 21 ಡಿಗ್ರಿಗೆ. ಆರನ್ನು 125ರಿಂದ ಗುಣಿಸಿದರೆ 750 ಮೀಟರ್, ಅಂದರೆ ಸುಮಾರು 2,500 ಅಡಿ. ಸೂರ್ಯಕಿರಣದವರು ಆವತ್ತು ಮಳವಳ್ಳಿಗೆ ಬಂದಿದ್ದರೆ ದೊಡ್ಡ ಸುತ್ತು ಹೊಡೆಯಲು ಆಗುತ್ತಿರಲಿಲ್ಲ. ಸಾಯಂಕಾಲ ಮಳೆ ಬಂತು, ಅಪ್ಪನ ಹೊಲದಲ್ಲಿ ನೀರು ನಿಂತಿತು.