ಹೂಮರ ಬಿಡಿಸುವಾಗ ಎಸಳು ಕೊನೆಗಿರಲಿ

ಉದ್ಯಾನದ ಚಿತ್ರ ಕಲಿಯಲು ಹೊರಟವರು ಸಾಮಾನ್ಯವಾಗಿ ಗುಲಾಬಿ ಚುಕ್ಕೆ ಇಡುವುದರಿಂದಲೇ ಶುರುಮಾಡುತ್ತಾರೆ. ಕಾಗದದ ತುಂಬ ಚುಕ್ಕೆಗಳಾಗುತ್ತವೆ, ಮರ ಮಾತ್ರ ಮೂಡುವುದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಎಲೆ ಉದುರಿಸಿ ಗುಲಾಬಿಯಾಗಿ ಅರಳಿನಿಂತ ಟಬೆಬುಯಾ ಮರವನ್ನು ತುಸು ದೂರದಿಂದ ನೋಡಿ. ಬಿಡಿ ಹೂ ಕಣ್ಣಿಗೆ ಬೀಳದು. ಬಿಸಿಲು ತಾಗಿದ ಮೇಲ್ಭಾಗ ಬಹುತೇಕ ಬೆಳ್ಳಗೆ, ಅಡಿಭಾಗ ನೇರಳೆ ಬೆರೆತ ಬೂದಾಗಿ ಗೊಂಚಲುಗಳಷ್ಟೇ ಕಾಣುತ್ತವೆ. ಮರಕ್ಕೆ ಮೈಕಟ್ಟು ಕೊಡುವುದು ಈ ಬೆಳಕು ನೆರಳೇ ಹೊರತು ಎಸಳಲ್ಲ. ಕಲಿಕೆಯೂ ಅಲ್ಲಿಂದಲೇ ಆರಂಭವಾಗಬೇಕು.

ಜಲವರ್ಣಕ್ಕೆ 300 ಜಿಎಸ್‌ಎಂ ಕಾಗದ ಒಳ್ಳೆಯದು, ನೀರಿಗೆ ಬೇಗ ಮುದುರುವುದಿಲ್ಲ. ಮೊದಲು ಪೆನ್ಸಿಲ್ಲಿನಲ್ಲಿ ಹಾದಿ, ಕಾಂಡ, ಗೊಂಚಲುಗಳ ಹೊರರೇಖೆ ಮಾತ್ರ ಎಳೆಯಿರಿ. ಸೂರ್ಯ ಸರಿಯುತ್ತಲೇ ಇರುವುದರಿಂದ ಬಿಸಿಲು ಬರುವ ದಿಕ್ಕನ್ನು ಅಂಚಿನಲ್ಲಿ ಬಾಣದಿಂದ ಗುರುತಿಸಿ, ಕೊನೆವರೆಗೂ ಅದನ್ನೇ ಪಾಲಿಸಿ. ಎರಡನೆಯದಾಗಿ, ಗೊಂಚಲಿನ ಜಾಗ ಬಿಟ್ಟು ಆಕಾಶಕ್ಕೆ ತೆಳು ನೀಲಿ ಬಳಿಯಿರಿ. ಅದು ಒಣಗಿದ ಮೇಲೆ ಗೊಂಚಲಿಗೆ ನೀರು ಹೆಚ್ಚಿರುವ ಗುಲಾಬಿ ಹಚ್ಚಿ, ಬಿಸಿಲಿನ ಕಡೆ ಅಲ್ಲಲ್ಲಿ ಕಾಗದದ ಬಿಳುಪನ್ನು ಉಳಿಸಿ. ಹಸಿಯಿರುವಾಗಲೇ ಕೆಳಗಡೆ ತುಸು ನೇರಳೆ ಮುಟ್ಟಿಸಿದರೆ ನೆರಳು ತಾನಾಗಿ ಹರಡುತ್ತದೆ. ಪೂರ್ತಿ ಒಣಗಿದ ನಂತರವೇ ಹಿಂದಿನ ಮರಗಳ ಹಸಿರು. ಗುಲಾಬಿ, ಹಸಿರು ಹಸಿಯಾಗಿ ಕೂಡಿದರೆ ಕೆಸರು ಬಣ್ಣವಾಗುತ್ತದೆ. ದೂರದ ಹಸಿರಿಗೆ ನೀಲಿ ಬೆರೆಸಿ ತೆಳುವಾಗಿಸಿ. ಕೊಂಬೆಗಳು ಹೂವಿನ ಹಿಂದೆ ಮರೆಯಾಗುವುದರಿಂದ ಅವನ್ನು ತುಂಡುತುಂಡಾಗಿ ಎಳೆದು, ನೆಲದ ನೆರಳು ಹಾಕಿ. ಕಟ್ಟಕಡೆಗೆ ಗೊಂಚಲಿನ ಅಂಚಿನಲ್ಲಿ, ಮರದ ಬುಡದಲ್ಲಿ ಕೆಲವೇ ಎಸಳುಗಳಿರಲಿ.

ವಿವರವಿಲ್ಲದಿದ್ದರೆ ಯಾವ ಮರವೆಂದು ತಿಳಿಯುವುದು ಹೇಗೆಂಬ ಪ್ರಶ್ನೆ ಸಹಜ. ಆದರೆ ದೂರದ ಮರವನ್ನು ನಾವು ಗುರುತಿಸುವುದು ಆಕಾರದಿಂದ. ಗುಲ್‌ಮೊಹರ್ ಕೊಡೆಯಂತೆ ಅಗಲಕ್ಕೆ ಹರಡುತ್ತದೆ, ಟಬೆಬುಯಾ ಮೇಲಕ್ಕೆ ಏರುತ್ತದೆ. ಹೂವಿನ ಹಿಂದೆಯೇ ಇರುವ ಮರಗಳ ಗಾಢ ಹಸಿರು ಚಿತ್ರವನ್ನು ಮಂಕಾಗಿಸುತ್ತದೆಂಬ ಅಳುಕಿಗೂ ಆಧಾರವಿಲ್ಲ. ತಿಳಿ ಆಕಾಶದೆದುರು ಪೇಲವವಾಗುವ ಅದೇ ಗುಲಾಬಿ ಗಾಢ ಹಸಿರಿನೆದುರು ಎದ್ದುಕಾಣುತ್ತದೆ. ಫೋಟೊ ನೋಡಿ ಬರೆಯಬಹುದು, ಆದರೆ ಅದರಲ್ಲಿ ನೆರಳು ಹಲವು ಬಾರಿ ಬರೀ ಕಪ್ಪಾಗಿಬಿಡುತ್ತದೆ. ಹಾಗಾಗಿ ನೆರಳಿನ ಬಣ್ಣವನ್ನು ಮರದೆದುರೇ ಕುಳಿತು ಕಲಿಯಬೇಕು. ವರ್ಷದ ಆರಂಭದಲ್ಲಿ ಟಬೆಬುಯಾ, ಮಾರ್ಚ್ ಹೊತ್ತಿಗೆ ಜಕರಂದಾ, ಏಪ್ರಿಲ್–ಮೇ ತಿಂಗಳಲ್ಲಿ ಗುಲ್‌ಮೊಹರ್ ಅರಳುತ್ತವೆ. ಒಂದೊಂದನ್ನೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಡಿಸಿ ಪಕ್ಕಪಕ್ಕ ಇಟ್ಟು ನೋಡಿ.